ರೊಟ್ಟಿಯ ಸದ್ದಿನ ಮರೆಯಲ್ಲಿ ಯಂಕಮ್ಮಾಯಿ

ಯಾರು ಮಾತನಾಡಿಸಿದರೂ ಯಂಕಮ್ಮಾಯಿ ಅವರ ಮುಖ ನೋಡುತ್ತಿರಲಿಲ್ಲ. ಕಣ್ಣು ಹಂಚಿನ ಮೇಲೆ, ಕೈ ಹಿಟ್ಟಿನ ಮೇಲೆ, ಕಿವಿ ಮಾತ್ರ ನಮ್ಮ ಕಡೆ. ರಂಗಂಪೇಟೆಯ ಕಡೆಯ ಒಂದು ಹುಡುಗಿಯರ ಹಾಸ್ಟೆಲಿಗೆ ನಾನು ವಾರ್ಡನ್ ಆಗಿ ಬಂದ ದಿನ, ಅಡುಗೆಯವಳಿಗೆ ಇಷ್ಟು ಸೊಕ್ಕೇ ಅಂದುಕೊಂಡೆ.

"ಮಾತಾಡೋವಾಗ ಜರಾ ಮಾರಿ ನೋಡಬೇಕವ್ವ," ಎಂದೆ.

"ನಿಮ್ಮ ಮಾರಿ ನೋಡಿದ್ರ ರೊಟ್ಟಿ ಸುಟ್ಟ ಹೋಗ್ತದ್ರಿ ಮೇಡಂ. ಮಾರಿ ಎಲ್ಲಿ ಓಡಿ ಹೋಗ್ತದ? ಪುರಸೊತ್ತಾದಾಗ ನೋಡ್ತೀನಿ ತಗೋರಿ."

ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅವಳು ಗಟ್ಟಿಮುಟ್ಟಾದ ಹೆಂಗಸು, ಹಣೆಯ ತುಂಬ ಕುಂಕುಮ, ಮುಂಗೈಯಲ್ಲಿ ಹಳೆಯ ಸುಟ್ಟ ಗಾಯಗಳ ಸಾಲು. ಬೈಗುಳವಿಲ್ಲದೆ ಯಾರಿಗೂ ರೊಟ್ಟಿ ಹಾಕಿದವಳಲ್ಲ. "ತಿನ್ನಽ ಕಡ್ಡಿ, ಗಾಳಿ ಬಿಟ್ರ ಸುರಪುರ ಗುಡ್ಡ ಹಾರಿ ಹೋಗ್ತಿ," ಎಂದು ಒಬ್ಬಳಿಗೆ. "ನಿನಗ ಮೂರು ಸಾಕು, ಹಿಂದಿನಾಕಿ ಅಳಾಕತ್ತಾಳ," ಎಂದು ಇನ್ನೊಬ್ಬಳಿಗೆ. ಆ ಬೈಗುಳ ಬೀಳದ ದಿನ ಹುಡುಗಿಯರಿಗೆ ಊಟ ರುಚಿಸುತ್ತಿರಲಿಲ್ಲ.

ನಾನು ಶಹಾಪುರದವಳು, ಅಜ್ಜಿಯ ತೊಡೆಯ ಮೇಲೆ ಮಾತು ಕಲಿತವಳು. ನಮ್ಮ ಕಡೆ 'ಬ್ಯಾಸರ' ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತದೆ. ಬಸ್ಸು ತಡವಾದರೆ ಬ್ಯಾಸರ, ತವರಿನ ನೆನಪಾದರೆ ಬ್ಯಾಸರ, ಸತ್ತವರನ್ನು ನೆನೆದರೂ ಬ್ಯಾಸರ. ನಾನು ಎಡವಿದ್ದು ಆ ಮಾತಿನಲ್ಲೇ.

ಪಿಯುಸಿ ಎರಡನೆಯ ವರ್ಷದಲ್ಲಿ ಸೈನ್ಸ್ ಓದುವ ಹುಡುಗಿಯೊಬ್ಬಳಿದ್ದಳು, ರೇಣುಕಾ ಎಂದಿಟ್ಟುಕೊಳ್ಳಿ. ಅಪ್ಪ ಕಡೇಚೂರಿನ ಕಡೆ ಫ್ಯಾಕ್ಟರಿಯಲ್ಲಿ ಕೂಲಿ. ಒಂದು ಸಂಜೆ ಬಾಗಿಲಲ್ಲಿ ನಿಂತು, "ಮೇಡಂ, ಭಾಳ ಬ್ಯಾಸರ ಆಗ್ಯಾದ್ರಿ," ಎಂದಳು. "ಪರೀಕ್ಷೆ ಬಂತಂದ್ರ ಎಲ್ಲಾರಿಗೂ ಬ್ಯಾಸರನ. ಹೋಗಿ ಗೆಳತ್ಯಾರ ಜೋಡಿ ಟಿವಿ ನೋಡು," ಎಂದೆ. ಹೌದ್ರಿ ಎಂದು ಹೋದಳು.

ಊಟದ ಹೊತ್ತಿಗೆ ಯಂಕಮ್ಮಾಯಿ ನನ್ನ ಕೋಣೆಗೆ ಬಂದಳು. ಅವಳು ಒಲೆ ಬಿಟ್ಟು ಬಂದದ್ದೇ ಅವತ್ತು ಮೊದಲು.

"ಆ ಹುಡುಗಿ ನಿಮ್ಮ ಹತ್ರ ಏನಂದ್ಳು?"

"ಬ್ಯಾಸರ ಅಂದ್ಳು."

"ಯಾವ ಬ್ಯಾಸರ ಅಂತ ಕೇಳಿದ್ರೇನು?"

ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

"ಎಂಟು ದಿನ ಆತ್ರಿ, ರೊಟ್ಟಿ ಮುರೀತಾಳ, ಬಾಯಿಗೆ ಇಡಂಗಿಲ್ಲ. ಇದು ಓದಿನ ಬ್ಯಾಸರ ಅಲ್ರಿ ಮೇಡಂ."

ಮರುದಿನದಿಂದ ರೇಣುಕಾಳನ್ನು ಅಡುಗೆಮನೆಗೆ ಕರೆದು ಎಡಗಡೆ ಕೂಡಿಸಿಕೊಂಡಳು. "ಏ ಡಾಕ್ಟರಮ್ಮ, ಪುಸ್ತಕದಾಗ ಹಿಟ್ಟು ನಾದೋದು ಬರದಿಲ್ಲೇನು? ಬಾ ಇಲ್ಲಿ." ಹುಡುಗಿ ನಾದುವುದು, ಇವಳು ಬಡಿಯುವುದು. ಒಬ್ಬರ ಮುಖ ಒಬ್ಬರು ನೋಡುವ ಹಂಗಿಲ್ಲ. ಬಡಿತದ ಸದ್ದಿಗೆ ಹೊರಗೆ ನಿಂತವರಿಗೆ ಒಂದು ಮಾತೂ ಕೇಳುತ್ತಿರಲಿಲ್ಲ. ನಾನೂ ಕಿಟಕಿಯ ಹತ್ತಿರ ನಿಂತು ಸೋತಿದ್ದೇನೆ. ಒಮ್ಮೊಮ್ಮೆ ಬಡಿತ ಇದ್ದಕ್ಕಿದ್ದಂತೆ ಜೋರಾಗುತ್ತಿತ್ತು. ಆಗ ಒಳಗೆ ಹುಡುಗಿ ಅಳುತ್ತಿದ್ದಾಳೆ, ಅದು ಯಾರಿಗೂ ಕೇಳಿಸದಿರಲಿ ಎಂದು ಇವಳು ಕೈಯಲ್ಲಿದ್ದ ಬಲವನ್ನೆಲ್ಲ ಹಾಕುತ್ತಿದ್ದಾಳೆ ಎಂಬುದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಒಂದು ಮುಂಜಾನೆ ಅವಳೇ ಬಂದಳು. "ಮೇಡಂ, ಅಕಿ ನನಗ ಜೀವಾನ ಬ್ಯಾಡ ಆಯಿ ಅಂದಾಳ. ನಾ ರೊಟ್ಟಿ ಬಡಿಯಾಕಿ. ನನ್ನ ಕೈಲೆ ಇಲ್ಲೀತನ ಆತು. ಇನ್ನ ಡಾಕ್ಟರ ಬೇಕು. ಇವತ್ತ ಬೇಕು."

ಮೂವರೂ ಬಸ್ಸಿನಲ್ಲಿ ಯಾದಗಿರಿಗೆ ಹೋದೆವು. ಡಾಕ್ಟರು ಹುಡುಗಿಯ ಜೊತೆ ಬಹಳ ಹೊತ್ತು ಮಾತನಾಡಿದರು, ಗುಳಿಗೆ ಬರೆದರು, ಒಬ್ಬಳನ್ನೇ ಬಿಡಬೇಡಿ ಎಂದರು. ಅಪ್ಪನಿಗೆ ಫೋನ್ ಮಾಡಿದರೆ ಆತ ಅತ್ತ. "ಗುಳಿಗಿ ಕೊಡ್ರಿ ಅಕ್ಕಾರ, ಆದ್ರ ಎಲ್ಲೂ ಬರೀಬ್ಯಾಡ್ರಿ. ಊರಾಗ ಹುಚ್ಚಿ ಅಂತಾರ." ಯಂಕಮ್ಮಾಯಿ ನನ್ನ ಕೈಯಿಂದ ಫೋನು ಕಸಿದುಕೊಂಡು, "ಯಾರಿಗೂ ಗೊತ್ತಾಗಂಗಿಲ್ಲ ತಮ್ಮಾ, ನನ್ನ ಮಾತು ಅದ," ಎಂದಳು.

ಆ ಮಾತೇ ಅವಳ ಕುತ್ತಿಗೆಗೆ ಬಂತು. ಹಿಟ್ಟು ನಾದುತ್ತಿದ್ದ ರೇಣುಕಾಳ ಫೋಟೋವನ್ನು ಯಾರೋ ಮೊಬೈಲಿನಲ್ಲಿ ತೆಗೆದು ಹರಿಬಿಟ್ಟರು. 'ಹಾಸ್ಟೆಲಿನಲ್ಲಿ ಮಕ್ಕಳಿಂದ ಅಡುಗೆ ಕೆಲಸ' ಎಂದು ಊರೆಲ್ಲ ಓದಿತು. ವಿಚಾರಣೆಗೆ ಅಧಿಕಾರಿ ಬಂದ. ಒಳಗೆ ಹೋಗುವ ಮುಂಚೆ ನಾನು ಅವಳ ಕೈ ಹಿಡಿದುಕೊಂಡೆ. "ನಿಜ ಹೇಳಿಬಿಡೋಣ ಆಯಿ."

"ಹೇಳಿದ್ರ ಕಾಗದದಾಗ ಅಕಿ ಹೆಸರು ಬೀಳ್ತದ. ಕಾಗದ ನಾಕು ಟೇಬಲ್ ದಾಟ್ತದ. ನನಗ ಇನ್ನೊಂದು ಒಲಿ ಸಿಗ್ತದ್ರಿ. ಅಕಿಗೆ ಇನ್ನೊಂದು ಹೆಸರು ಸಿಗ್ತದೇನು?"

ಅಧಿಕಾರಿ ಕೇಳಿದ. ಅವಳು ನೆಲ ನೋಡುತ್ತ, "ಕೈ ನೋಯ್ತಿದ್ದುವ್ರಿ ಸಾಹೇಬ್ರ. ಹುಡುಗಿನ್ನ ಕೆಲಸಕ್ಕ ಹಚ್ಚಿದೆ. ತಪ್ಪಾಗ್ಯಾದ," ಎಂದಳು. ಬರೆದುಕೊಂಡ. ನಾನು ಕೆಳಗೆ ಸಹಿ ಹಾಕಿದೆ. ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಅವಳು ಕೆಲಸ ಬಿಟ್ಟು ಅವತ್ತೇ ಹೋದಳು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಹೊಸಬರು ಅನ್ನ ಸಾರು ಮಾಡಿದರು. ರೇಣುಕಾ ಮೂರನೆಯ ದಿನಕ್ಕೆ ಗೋಡೆಯ ಕಡೆ ತಿರುಗಿ ಮಲಗಿದಳು. ಗುಳಿಗೆ ಬೇಡ, ಊಟ ಬೇಡ, ಮಾತು ಬೇಡ. ಡಾಕ್ಟರಿಗೆ ಫೋನ್ ಮಾಡಿದೆ. ನಾಳೆಯೇ ಕರೆತನ್ನಿ, ಅಲ್ಲಿಯವರೆಗೆ ಯಾರಾದರೂ ಪಕ್ಕದಲ್ಲೇ ಇರಲಿ ಎಂದರು. ನಾನು ಹಾಸಿಗೆಯ ಹತ್ತಿರ ಕೂತು ಬುದ್ಧಿ ಹೇಳಿದೆ, ಬೇಡಿಕೊಂಡೆ, ಅತ್ತೆ, ಒಮ್ಮೆ ಬೈದೂ ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಅವಳ ಗೆಳತಿಯರಿಬ್ಬರನ್ನೂ ಹಾಸ್ಟೆಲಿಗೆ ಬಂದು ಹೋಗುವ ನರ್ಸಮ್ಮನನ್ನೂ ಹತ್ತಿರ ಕೂಡಿಸಿ ನಾನು ಯಂಕಮ್ಮಾಯಿಯ ಮನೆಗೆ ಓಡಿದೆ.

ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಬಲಗೈ ನಿಜವಾಗಿಯೂ ಊದಿಕೊಂಡಿತ್ತು.

"ಒಂದು ಸಲ ಬಾ ಆಯಿ. ನಿನ್ನ ಕಾಲಿಗೆ ಬೀಳ್ತೀನಿ."

"ನಾ ಬಂದ್ರ ಯಾಕ ಬಂದ್ಳು ಅಂತ ಮತ್ತ ಕೇಳ್ತಾರ. ಮತ್ತ ಕಾಗದ ಏಳ್ತದ."

"ಹಂಗಾದ್ರ ಇಷ್ಟು ದಿನ ಅಕಿಗೆ ಏನು ಹೇಳ್ತಿದ್ದಿ? ಅದನ್ನರ ಹೇಳು."

"ಹೇಳೋದೇನು, ನನಗೇನು ಬರ್ತದ್ರಿ? ಅಕಿ ಹೇಳ್ತಿದ್ಳು, ಹೂಂ ಅಂತಿದ್ದೆ. ಏಳೋ ಹೊತ್ತಿಗೆ ಒಂದು ಮಾತು ಕೇಳ್ತಿದ್ದೆ, ನಾಳಿಗಿ ಯಾವ ಕಾಳು ನೆನಿ ಹಾಕೋಣವ್ವ ಅಂತ. ಅಕಿ ಹೇಳಿದ್ದ ಕಾಳು, ಅಕಿ ಕೈಲೇನ ನೆನಿ ಹಾಕಸ್ತಿದ್ದೆ. ನೆನಿ ಹಾಕಿದಾಕಿ ಮುಂಜಾನಿ ನೋಡಾಕ ಏಳಬೇಕಲ್ರಿ." ಹೊಸ್ತಿಲು ಹಿಡಿದು ಎದ್ದಳು. "ನಡೀರಿ, ಇಲ್ಲಿ ಕುಂದ್ರಬ್ಯಾಡ್ರಿ. ಅಕಿ ಹತ್ರ ಹೋಗ್ರಿ."

ನಾನು ಅವಳ ಜೊತೆ ಮಾತಾಡಿದ್ದು ಅದೇ ಕೊನೆ.

ವಾಪಸು ಬಂದು, ಖಾಲಿ ಬೋಗುಣಿ ಹಿಡಿದು ರೇಣುಕಾಳ ಪಕ್ಕ ಕೂತೆ. "ನಾಳಿಗಿ ಯಾವ ಕಾಳು ನೆನಿ ಹಾಕೋಣವ್ವ?" ಎಂದೆ. ಅಂಗಳದ ಬಿಸಿಲು ಗೋಡೆ ಹತ್ತಿ ಹೋಯಿತು. ನಾನು ಇನ್ನೊಮ್ಮೆ ಕೇಳಲಿಲ್ಲ, ಏಳಲೂ ಇಲ್ಲ. ಕೊನೆಗೆ ಗೋಡೆಯ ಕಡೆಯಿಂದಲೇ, "ಮಡಕಿ ಕಾಳು," ಎಂದಳು.

ಮರುದಿನ ಅವಳು ಎದ್ದಳು. ಕಾಳು ನೋಡಿದಳು, ನನ್ನ ಜೊತೆ ಯಾದಗಿರಿಯ ಬಸ್ಸು ಹತ್ತಿದಳು. ಒಂದೇ ದಿನದಲ್ಲಿ ಏನೂ ಸರಿಹೋಗಲಿಲ್ಲ. ಎಷ್ಟೋ ಸಲ ಮತ್ತೆ ಮಲಗಿದಳು, ಮತ್ತೆ ಕೇಳಿದೆ.

ಜರಾ ಚೇತರಿಸಿಕೊಂಡಳು ಅನ್ನಿಸಿದ ಮೇಲೆ ಯಂಕಮ್ಮಾಯಿಗೆ ಹೇಳಿ ಬರೋಣವೆಂದು ರಂಗಂಪೇಟೆಗೆ ಹೋದರೆ ಮನೆಗೆ ಬೀಗ. ವನದುರ್ಗದ ತಂಗಿಯ ಮನೆಗೆ ಹೋಗ್ಯಾಳ ಎಂದರು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವಷ್ಟರಲ್ಲಿ ಅವಳು ತೀರಿಕೊಂಡ ಸುದ್ದಿಯೇ ಬಂತು. ಅವಳನ್ನು ಮಣ್ಣು ಮಾಡಿ ಬರುವ ದಾರಿಯಲ್ಲಿ ರೇಣುಕಾ ಕೇಳಿದಳು, "ನಾ ಎದ್ದೀನಿ ಅಂತ ಆಯಿಗೆ ಗೊತ್ತಾಗಿತ್ತೇನ್ರಿ ಮೇಡಂ?"

"ಗೊತ್ತಾಗಿತ್ತವ್ವ," ಎಂದೆ. ಅವಳು ನಂಬಿದಳೋ ಇಲ್ಲವೋ, ಇವತ್ತಿಗೂ ಕೇಳುವ ಧೈರ್ಯ ನನಗಾಗಿಲ್ಲ.