ದಯಾವತಿ ಸಿಸ್ಟರ್‌ಗೆ ಸಿಗದ ದೀಕ್ಷೆ

ಭಾನುವಾರದ ಆರಾಧನೆಯಲ್ಲಿ ಪ್ರಸಂಗವನ್ನು ನಡುವೆಯೇ ನಿಲ್ಲಿಸಿ, "ಏನ್ರೀ, ಒಪ್ತೀರೋ ಇಲ್ಲೋ?" ಎಂದು ಸಭೆಯನ್ನೇ ಕೇಳುತ್ತಿದ್ದರು ದಯಾವತಿ ಸಿಸ್ಟರ್. ಯಾರಾದರೂ ಉತ್ತರ ಕೊಡುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ನ್ಯಾಮತಿಯ ನಮ್ಮ ಪುಟ್ಟ ಚರ್ಚಿನಲ್ಲಿ ಕೂತು ತೂಕಡಿಸುವ ಸುಖ ಅವರು ಬಂದ ಮೇಲೆ ಹೋಯಿತು.

ಜಗಳೂರು ಕಡೆಯವರು. ಡಿಗ್ರಿ ಮುಗಿಸಿ, ದೇವಶಾಸ್ತ್ರದ ಕಾಲೇಜಿಗೆ ಸೇರಿ, ಗ್ರೀಕ್, ಹೀಬ್ರೂ ಎಲ್ಲ ಓದಿ ಬಂದವರು. ಜೊತೆಗೆ ಓದಿದ ಗಂಡಸರು ಗುರುದೀಕ್ಷೆ ಪಡೆದು ಪಾದ್ರಿಗಳಾಗಿ ಅಯ್ಯನವರೆನಿಸಿಕೊಂಡರು. ಇವರು ಸಿಸ್ಟರ್ ಆಗಿಯೇ ಉಳಿದರು; ಕನ್ಯಾಸ್ತ್ರೀಯಲ್ಲ, ಸಭೆಯ ಸೇವಕಿ ಅಷ್ಟೇ. ಪ್ರಸಂಗ ಮಾಡಬಹುದು, ರೋಗಿಗಳ ಮನೆಗೆ ಹೋಗಬಹುದು. ದೀಕ್ಷೆ ಇಲ್ಲದೆ, ಯೇಸುವಿನ ಕಡೆಯ ಊಟದ ನೆನಪಿಗೆ ಕೊಡುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವಂತಿಲ್ಲ. ಅದಕ್ಕೆ ಚನ್ನಗಿರಿಯಿಂದ ಅಯ್ಯನವರೇ ಬರಬೇಕು.

ಪ್ರತಿ ವರ್ಷ ದೀಕ್ಷೆಯ ಸಂದರ್ಶನಕ್ಕೆ ಹೋಗಿ ಬರುತ್ತಿದ್ದರು. ಒಮ್ಮೆ ಬಸ್ಸಿಳಿದು ನೇರ ನಮ್ಮ ಅಡುಗೆಮನೆಗೆ ಬಂದವರು, ನಾನು ಸುಲಿಯುತ್ತಿದ್ದ ಅವರೆಕಾಯಿಯ ಮೇಲೆ ಸಿಟ್ಟು ತೀರಿಸಿಕೊಂಡರು.

"ಮದುವೆಯಾಗಿ ಗಂಡನ ಊರಿಗೆ ಹೋದ್ರೆ ಸಭೆ ಗತಿ ಏನಮ್ಮ ಅಂದ್ರು ಕಣ್ರೀ. ಅಯ್ಯನೋರಿಗೆ ವರ್ಗ ಆದಾಗ ಏನಾಗ್ತೈತೋ ಅದೇ ಆಗ್ತೈತೆ ಅಂದೆ."

"ಅದಕ್ಕೆ?"

"ಸ್ವಭಾವ ಇನ್ನೂ ಮಾಗಬೇಕಂತೆ. ನಾನೇನು ಬಾಳೆಗೊನೇನಾ?"

ನಾನು ನಕ್ಕೆ. ಅವರು ನಗಲಿಲ್ಲ.

ಆ ಮಳೆಗಾಲದಲ್ಲಿ ನಮ್ಮತ್ತೆ ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ನೋಡಲು ಬಂದ ಸಿಸ್ಟರ್‌ರ ಕೈಯನ್ನು ಅತ್ತೆ ಹಿಡಿದು, "ಭೋಜನ ತಗೋಬೇಕವ್ವ, ನೀನೇ ಕೊಡು" ಎಂದರು. ಅಯ್ಯನವರಿಗೆ ಫೋನು ಮಾಡಿದೆವು. ಯಾವುದೋ ಮದುವೆ ನಡೆಸಲು ಹೋಗಿದ್ದರು. ನಾಳೆ ಬರುತ್ತೇನೆ ಎಂದರು. "ಅಲ್ಲಿ ತನಕ ತಡಿಯಂಗಿಲ್ಲ ಅಯ್ಯನೋರೆ, ನಾನೇ ಕೊಡ್ಲಾ?" ಎಂದು ಸಿಸ್ಟರ್ ಕೇಳಿದ್ದು ನನಗೆ ಕೇಳಿಸಿತು. ಆ ಕಡೆಯ ಉತ್ತರ ಅವರ ಮುಖದಲ್ಲಿ ಕಂಡಿತು.

"ಅಷ್ಟು ಓದಿ ಬಂದು ಒಂದು ಚೂರು ರೊಟ್ಟಿ ಕೊಡಾಕೆ ಆಗಲ್ವೇನವ್ವ?" ಎಂದರು ಅತ್ತೆ. ಸಿಸ್ಟರ್ ಎದ್ದು ಹಿತ್ತಲಿಗೆ ಹೋದರು. ಹಿಂದೆಯೇ ಹೋದ ನನಗೆ, "ಕೊಟ್ಟರೆ ನಾಳೆಯಿಂದ ಈ ಊರಾಗೆ ನನ್ನ ಇರಾಕೆ ಬಿಡಲ್ಲ. ಕೊಡದಿದ್ರೆ ನಾನು ಯಾಕಾದ್ರೂ ಇರಬೇಕು?" ಎಂದರು. ಕೊಡಲಿಲ್ಲ. ಮರುದಿನ ಅಯ್ಯನವರು ಬರುವಷ್ಟರಲ್ಲಿ ಅತ್ತೆಗೆ ನುಂಗಲು ಆಗುತ್ತಿರಲಿಲ್ಲ. ದ್ರಾಕ್ಷಾರಸದಲ್ಲಿ ಬೆರಳದ್ದಿ ತುಟಿಗೆ ಸವರಿದರು. ಸಿಸ್ಟರ್ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದರು.

ಕೊನೆಯ ಸಲ ಅವರನ್ನು ಕಂಡದ್ದು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ, ಸೂಟ್‌ಕೇಸಿನ ಜೊತೆ. ಓದಿದ ಕಾಲೇಜಿನವರೇ ಗ್ರೀಕ್ ಕಲಿಸಲು ಕರೆದಿದ್ದರು. "ಪಾಠ ಹೇಳಾಕೆ ದೀಕ್ಷೆ ಬೇಡವಂತೆ. ಅಯ್ಯನೋರಾಗೋ ಹುಡುಗ್ರನ್ನ ನಾನು ತಯಾರು ಮಾಡಬಹುದಂತೆ" ಎಂದರು. ಸಂತೋಷ ಎನ್ನಬೇಕೋ, ಹೋಗಬೇಡಿ ಎಂದು ಜಗಳ ತೆಗೆಯಬೇಕೋ ತಿಳಿಯದೆ, ಸೂಟ್‌ಕೇಸು ಎತ್ತಿ ಬಸ್ಸಿಗೆ ಇಟ್ಟೆ.

ಈ ವರ್ಷ ನಮಗೆ ಹೊಸ ಅಯ್ಯನವರು ಬಂದಿದ್ದಾರೆ. ಸಿಸ್ಟರ್ ಬಳಿಯೇ ಕಲಿತವರು. ಅವರಂಥ ಗುರು ಇಲ್ಲ ಎನ್ನುತ್ತಾರೆ. ಸಿಸ್ಟರ್‌ಗೆ ದೀಕ್ಷೆಯಾಯಿತೇ ಎಂದು ಕೇಳಿದೆ.

"ಇನ್ನೂ ಇಲ್ಲ. ಪ್ರಾರ್ಥನೆ ಮಾಡೋಣ ಅಕ್ಕ."

"ಪ್ರಾರ್ಥನೆ ಬೇಕಾದಷ್ಟು ಆಗೈತೆ ಅಯ್ಯನೋರೆ," ಎಂದೆ. "ಇದು ದೇವರ ಹತ್ರ ನಿಂತಿಲ್ಲ. ನಿಮ್ಮೋರ ಹತ್ರ ನಿಂತೈತೆ."