ಹೌಗೆನ್ ಮನೆತನದ ಮೊದಲ ಬಾವಿ

ನಮ್ಮೂರಾದ ನಾರ್ಬಿಯಲ್ಲಿ ಹೌಗೆನ್ ಮನೆತನದವರ ಎದುರು ನೀರಿನ ಮಾತು ಎತ್ತಬಾರದು. ಎತ್ತಿದರೆ ಅರ್ಧ ದಿನ ಹೋದಂತೆಯೇ. ಅವರ ಮುತ್ತಜ್ಜ ಟೋರ್ಗರ್ ನಾರ್ವೆಯಿಂದ ಅಮೆರಿಕದ ಈ ಡಕೋಟಾ ಬಯಲಿಗೆ ಎಲ್ಲರಿಗಿಂತ ಮೊದಲು ಬಂದನಂತೆ. ಕವಲುಕಡ್ಡಿ ಹಿಡಿದು ನಡೆದು ಮೊದಲ ಸಲಕ್ಕೇ ನೀರಿನ ಸೆಲೆ ತೋರಿಸಿದನಂತೆ. ಆ ವಿದ್ಯೆ ತನ್ನ ರಕ್ತದಲ್ಲೂ ಹರಿಯುತ್ತಿದೆಯೆಂದು ನಂಬಿರುವ ವರ್ಲಿನ್ ಹೌಗೆನ್, ಯಾರೂ ಕರೆಯದಿದ್ದರೂ ಕಡ್ಡಿ ಹಿಡಿದು ಎಲ್ಲರ ಹೊಲ ಸುತ್ತುತ್ತಾನೆ. ಅವನು ತೋರಿಸಿದಲ್ಲಿ ನನ್ನ ತಂದೆ ಅಗೆಸಿದಾಗ ಬಲು ಒಳ್ಳೆಯ ಮರಳು ಸಿಕ್ಕಿತು.

ಊರಿಗೆ ನೂರ ಇಪ್ಪತ್ತೈದು ತುಂಬುವ ವರ್ಷ ವರ್ಲಿನ್ ಉತ್ಸವ ಸಮಿತಿಯ ಅಧ್ಯಕ್ಷನಾದ. 'ಮೊದಲ ನೆಲೆಗಾರ ಟೋರ್ಗರ್ ಹೌಗೆನ್' ಎಂದು ಕಲ್ಲು ಕೆತ್ತಿಸಿದ. ಮನೆತನದ ಚರಿತ್ರೆ ಬರೆಯುವ ಹೊರೆಯನ್ನು ಚಿಕ್ಕಪ್ಪನ ಮಗಳು ಸೆಲ್ಮಾಳ ತಲೆಗೆ ಕಟ್ಟಿದ. ಅವಳು ಮದುವೆಯಾಗಿರಲಿಲ್ಲ, ಶಾಲೆಯ ಅಡುಗೆಮನೆಯಿಂದ ನಿವೃತ್ತಳಾಗಿದ್ದಳು. ಹಾಗಾಗಿ ಅವಳಿಗೆ ಬೇರೆ ಕೆಲಸವಿಲ್ಲವೆಂದು ಹೌಗೆನ್ ಗಂಡಸರು ತೀರ್ಮಾನಿಸಿದ್ದರು. ಮಕ್ಕಳು ತಿನ್ನದೆ ಕರವಸ್ತ್ರದಲ್ಲಿ ಬಚ್ಚಿಟ್ಟ ಬಟಾಣಿಯನ್ನು ಮೂವತ್ತು ವರ್ಷ ಹುಡುಕಿ ತೆಗೆದವಳು ಅವಳು ಎಂಬುದನ್ನು ಮರೆತಿದ್ದರು.

ಹಳೆಯ ಭೂದಾಖಲೆ ನೋಡಲು ಜಿಲ್ಲಾ ಕೇಂದ್ರಕ್ಕೆ ಅವಳ ಜೊತೆ ನೆರೆಮನೆಯ ನಾನೂ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಸೆಲ್ಮಾ ಒಂದೇ ಹಾಳೆಯನ್ನು ನಾಲ್ಕನೆಯ ಸಲ ಓದುತ್ತಿದ್ದಳು. ಜಮೀನಿನ ಹಕ್ಕುಪತ್ರ ಗುನ್‌ಹಿಲ್ಡ್ ಎಂಬ ಅವಿವಾಹಿತೆಯ ಹೆಸರಿನಲ್ಲಿತ್ತು. ಗುನ್‌ಹಿಲ್ಡ್ ಎಂದರೆ ಸೆಲ್ಮಾಳ ಮುತ್ತಜ್ಜಿ. ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಯಲ್ಲಿ ಒಂದು ಹಸುವಿನೊಂದಿಗೆ ಅವಳು, ಹಕ್ಕು ಸಿಗಲು ಬೇಕಿದ್ದ ಐದು ಚಳಿಗಾಲ ಕಳೆದಿದ್ದಳು. ಸಾಕ್ಷಿಯ ಹೇಳಿಕೆಯಲ್ಲಿ ಟೋರ್ಗರ್‌ನ ಹೆಸರೂ ಇತ್ತು: ಬಾವಿ ತೋಡಲು ಬಂದ ಕೂಲಿಯಾಳು. ಅವನು ತೋಡಿದ ಎರಡು ಗುಂಡಿ ಒಣಗಿದ್ದವು. ಮೂರನೆಯದನ್ನು ಆ ಹೆಂಗಸೇ ಇಳಿದು ತೋಡಿದಳು, ನೀರು ಬಂತು. ಮದುವೆ ದಾಖಲೆಯ ಪ್ರಕಾರ, ಹಕ್ಕುಪತ್ರ ಸಿಕ್ಕಿದ ನಾಲ್ಕು ತಿಂಗಳಿಗೆ ಇಬ್ಬರ ಮದುವೆ.

ವಾಪಸಾಗುವಾಗ ಕಾರಿನಲ್ಲಿ ಸೆಲ್ಮಾ ಹಾಳೆಯ ಪ್ರತಿಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಳು. "ನಾರ್ವೆಯಿಂದ ಬಂದಾಗ ಅವಳಿಗೆ ಇಪ್ಪತ್ತೆರಡು ಕಣೇ. ನಮ್ ಮನೇಲಿ ಅವಳ ಬಗ್ಗೆ ಹೇಳೋದು ಒಂದೇ, ರೊಟ್ಟಿ ಚೆನ್ನಾಗಿ ಮಾಡ್ತಿದ್ಲು ಅಂತ," ಎಂದಳು.

ಮರುದಿನ ಹಾಳೆಯ ಪ್ರತಿಯನ್ನು ವರ್ಲಿನ್‌ನ ಮೇಜಿನ ಮೇಲಿಟ್ಟಳು. ಅವನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದ.

"ಇದ್ನೆಲ್ಲ ಯಾಕೆ ಕೆದಕೋಕೆ ಹೋದೆ ಮಾರಾಯ್ತಿ? ಕಲ್ಲು ಕೆತ್ತಿ ಆಗಿದೆ."

"ಒಂದು ಕಡೆ ತಾನೇ? ಹಿಂದ್ಗಡೆ ಖಾಲಿ ಇದ್ಯಲ್ಲ."

ಹಳೆಯ ಗುಮಾಸ್ತರು ತಪ್ಪು ಬರೆದಿರಬಹುದೆಂದು ಅವನು ವಾದಿಸಿದ. ಸೆಲ್ಮಾ ಕಾಫಿ ಮುಗಿಸಿ ಎದ್ದುಬಂದಳು.

ಜುಲೈ ತಿಂಗಳಲ್ಲಿ ಹೌಗೆನ್ ಬಳಗವೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿತು. ಸೆಲ್ಮಾ ಎದ್ದು ಆ ಹಾಳೆ ಓದಿದಳು. ಆಲೂಗೆಡ್ಡೆ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಕೈಗಳು ನಿಂತವು. ವರ್ಲಿನ್ ಕೆಮ್ಮಿ ಎದ್ದುನಿಂತ. ಅಷ್ಟರಲ್ಲಿ ಟೋರ್ಗರ್‌ನ ಮೊಮ್ಮಗಳು, ತೊಂಬತ್ತೊಂದರ ಬೋರ್ಗಿಲ್ಡ್ ಅತ್ತೆ, ಗಾಲಿಕುರ್ಚಿಯಿಂದಲೇ ಬಾಯಿ ಬಿಟ್ಟಳು.

"ಕೂತ್ಕೊಳೋ ವರ್ಲಿನ್. ಅಜ್ಜ ತಾನೇ ನಗ್‌ನಗ್ತಾ ಹೇಳ್ತಿದ್ದ ಇದ್ನ. ಎರಡು ಗುಂಡಿ ತೋಡಿ ಒಬ್ಬ ಹೆಂಡ್ತೀನ ಸಂಪಾದಿಸ್ದೆ ಅಂತ. ಕಡ್ಡಿ ಗಿಡ್ಡಿ ಎಲ್ಲ ನಿಮ್ಮಪ್ಪ ಸೇರಿಸಿದ್ದು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ ಅತ್ತೆ?" ಎಂದ ವರ್ಲಿನ್.

"ನನ್ನನ್ನ ಯಾರು ಕೇಳಿದ್ರು?"

ಮೊದಲು ನಕ್ಕವರು ಸೊಸೆಯಂದಿರು. ಆಮೇಲೆ ನೆಲಮಾಳಿಗೆಯೇ ನಕ್ಕಿತು. ಕೊನೆಗೆ ಕಿವಿ ಕೆಂಪಾಗಿದ್ದ ವರ್ಲಿನ್ ಕೂಡ.

ಕಲ್ಲಿನ ಹಿಂಬದಿಯಲ್ಲಿ ಗುನ್‌ಹಿಲ್ಡಳ ಹೆಸರು ಕೆತ್ತಿಸಿದರು. ಯಾವ ಮುಖ ರಸ್ತೆಗಿರಬೇಕೆಂದು ಸಮಿತಿ ಮೂರು ಸಭೆ ನಡೆಸಿ, ಕಲ್ಲನ್ನು ಅಡ್ಡ ತಿರುಗಿಸಿ ನೆಟ್ಟಿತು. ಊರಿಗೆ ಬರುವವರಿಗೆ ಒಂದು ಹೆಸರು ಕಾಣುತ್ತದೆ, ಹೋಗುವವರಿಗೆ ಇನ್ನೊಂದು. ಸೆಲ್ಮಾ ಮಾತ್ರ ಉತ್ಸವ ಮುಗಿದದ್ದೇ ಪಾಸ್‌ಪೋರ್ಟ್ ಮಾಡಿಸಿಕೊಂಡು, ಗುನ್‌ಹಿಲ್ಡ್ ಹುಟ್ಟಿದ ಊರು ನೋಡಲು ಒಬ್ಬಳೇ ನಾರ್ವೆಗೆ ಹೊರಟಳು.