ಕೈಗೆ ಸಿಕ್ಕ ಶತ್ರು

ನಮ್ಮ ಯಜಮಾನರಿಗೆ ಸೂಪರ್ ಹೀರೊ ಸಿನಿಮಾ ಎಂದರೆ ಪ್ರಾಣ. ತಲೆಯಲ್ಲಿ ಬಿಳಿ ಕೂದಲು ಇಣುಕುತ್ತಿರುವ ಮನುಷ್ಯ, ಭಾನುವಾರ ಬಾಡೂಟ ಮುಗಿಸಿ ಚಾಪೆ ಹಾಸಿ, ಕನ್ನಡಕ್ಕೆ ಡಬ್ ಆದ ಸಿನಿಮಾ ಹಾಕಿಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಾ ನಮ್ಮತ್ತೆ. ಮಳವಳ್ಳಿಯ ನಮ್ಮ ಗಲ್ಲಿಯಲ್ಲಿ ಟೀವಿಗಿಂತ ಜೋರಾಗಿ ಕೇಳಿಸುವುದು ಅವರ ದನಿ.

ಹೀರೊ ಹಾರಲಿ, ಗೋಡೆ ಹತ್ತಲಿ, ಅತ್ತೆಯದೇನೂ ತಕರಾರಿಲ್ಲ. ತಕರಾರೆಲ್ಲ ಕೊನೆಯ ಸೀನಿನದು. ಊರನ್ನೇ ಪುಡಿ ಮಾಡಿದ ಖಳನಾಯಕ ಎತ್ತರದ ಕಟ್ಟಡದಿಂದ ಜಾರಿ ಬೀಳುವಾಗ ಹೀರೊ ಓಡಿ ಬಂದು ಅವನ ಕೈ ಹಿಡಿದುಕೊಳ್ಳುತ್ತಾನಲ್ಲ, ಅದು.

"ಬುಡ್ಲಾ ಕೈಯ! ಬುಡು ಅಂತೀನಿ! ಅಯ್ಯೋ ಇವನ ಮನೆ ಎಕ್ಕುಟ್ಟೋಗ, ಮೇಲಕ್ಕೆಳ್ಕೊಂಡ್ನಲ್ಲಪ್ಪ!"

"ಅವ್ವ, ಹೀರೊಗಳು ಕೊಲ್ಲಾಕಿಲ್ಲ ಕಣವ್ವ. ಅದು ಅವರ ನಿಯತ್ತು," ಎಂದು ಯಜಮಾನರು ತಾಳ್ಮೆಯಿಂದ ತಿಳಿಹೇಳುವರು. "ಕೊಂದ್ರೆ ಇವನಿಗೂ ಅವನಿಗೂ ಏನು ವ್ಯತ್ಯಾಸ?"

"ನಿಯತ್ತಂತೆ ನಿಯತ್ತು! ಜೈಲಿಗಾಕಿದ್ರೆ ಮುಂದಿನ ಸಿನಿಮಾಕ್ಕೆ ಬರ್ದೆ ಇದ್ದಾನಾ? ಕೈಗೆ ಸಿಕ್ಕಿದ್ ಶತ್ರುನ ಉಳಿಸ್ದೋನು ದಡ್ಡ ಕಣ್ಲಾ."

ಶತ್ರುಗಳ ವಿಷಯದಲ್ಲಿ ಅತ್ತೆಗೆ ಒಳ್ಳೆಯ ಅನುಭವವಿತ್ತು. ಅವರ ಶತ್ರು ಎದುರು ಮನೆಯಲ್ಲೇ ಇದ್ದರು. ಮಾವನವರು ಬಸರಾಳಿನಿಂದ ತಂದು ನೆಟ್ಟ ನುಗ್ಗೆಮರದ ಕೊಂಬೆ ಗಲ್ಲಿ ದಾಟಿ ತಮ್ಮ ತಾರಸಿಗೆ ಬಂದು ಕಂಬಳಿಹುಳ ಉದುರಿಸಿತೆಂದು, ನಾವು ಊರಲ್ಲಿಲ್ಲದಾಗ ಎದುರು ಮನೆಯಮ್ಮ ಕಾಯಿ ತುಂಬಿದ್ದ ಮರವನ್ನು ಬೋಳು ಕಡಿಸಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ನಮ್ಮ ಕಡೆ ಮಾತು ಬಿಟ್ಟವರು ಸುಮ್ಮನಿರುತ್ತಾರೆ ಅಂದುಕೊಳ್ಳಬೇಡಿ. ಮುಖ ನೋಡಿ ಮಾತಾಡಬಾರದು, ಅಷ್ಟೆ. ಬೇರೆ ಯಾರನ್ನೋ ಬೈಯುವ ಹಾಗೆ ಎಷ್ಟು ಬೇಕಾದರೂ ಬೈಯಬಹುದು. ಎರಡೂ ಮನೆಯಲ್ಲಿ ಹಾಲು ಕುಡಿಯುವ ಬೂದು ಬೆಕ್ಕೊಂದಿತ್ತು. ಪಾಪ, ಎಲ್ಲ ಅದರ ತಲೆಗೇ. ಅತ್ತೆ ಜಗುಲಿಯಲ್ಲಿ ಕೂತು, "ಲೇ ಕಳ್ ಬೆಕ್ಕೆ, ಕಂಡೋರ ಮರಕ್ಕೆ ಮಚ್ಚು ಹಾಕ್ಸಿದ ಕೈ ಸೇದೋಗ!" ಎನ್ನುವರು. ಎದುರಿನಿಂದ, "ಬಾರೆ ಬೆಕ್ಕೆ, ಕಂಬಳಿಹುಳ ಸಾಕೋರ ಮನೇಲಿ ನಿಂಗೇನು ಕೆಲ್ಸ?" ಎಂದು ಉತ್ತರ. ಮಾವನವರು ಚಪ್ಪಲಿ ಮೆಟ್ಟಿ ಪೇಟೆ ಬೀದಿಗೆ ಹೋಗಿಬಿಡುವರು.

ಆ ಹೊತ್ತಿಗೆ ಎದುರು ಮನೆಯಮ್ಮನ ಮಗಳಿಗೆ ಗಂಡು ನೋಡುತ್ತಿದ್ದರು. ಹಿಂದೊಮ್ಮೆ ಕೂಡಿಬಂದ ಸಂಬಂಧ ಬೀದಿಯ ಯಾರದೋ ಮಾತಿಗೆ ಮುರಿದುಬಿದ್ದು, ಆ ಹುಡುಗಿ ಎಷ್ಟೋ ದಿನ ತಲೆ ಎತ್ತಿ ಓಡಾಡಿರಲಿಲ್ಲ. ಈಗ ಮದ್ದೂರಿನವರು ಹೆಣ್ಣು ಒಪ್ಪಿದ್ದರು. ಹುಡುಗಿಗೂ ಮನಸ್ಸಾಗಿತ್ತು. ಇನ್ನು ಉಳಿದಿದ್ದು ವಿಚಾರಣೆ. ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡು ಹೋಗುವುದು ನಮ್ಮಲ್ಲಿ ಇದ್ದದ್ದೇ.

ಒಂದು ಭಾನುವಾರ, ಸಿನಿಮಾದ ನಡುವೆ, ಗಂಡಿನ ಸೋದರಮಾವ ಮತ್ತು ಅವರ ಹೆಂಡತಿ ನೇರ ನಮ್ಮ ಬಾಗಿಲಿಗೇ ಬಂದರು. "ಎದುರು ಮನೆಯೋರ ವಿಷ್ಯ ಒಸಿ ಕೇಳ್ಬೇಕಿತ್ತು ಕಣಮ್ಮ," ಎಂದರು. ಎದುರು ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಆ ಅಮ್ಮ ಮೊರ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

ಯಜಮಾನರು ಟೀವಿ ಆರಿಸಿದರು. ಅತ್ತೆ ಎಲೆ ಅಡಿಕೆ ಉಗಿದು ಬಾಯಿ ತೊಳೆದು ಬಂದರು. ದೊಡ್ಡ ಮಾತು ಆಡುವ ಮುಂಚೆ ಮಾತ್ರ ಅವರು ಹಾಗೆ ಮಾಡುವುದು. ಕಾಫಿಗಿಟ್ಟ ಹಾಲು ಉಕ್ಕಿದ್ದೂ ತಿಳಿಯದೆ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ದೇವರೇ, ಈ ಮುದುಕಿಯ ಬಾಯಿ ಕಟ್ಟಪ್ಪ ಎಂದು ಬೇಡಿಕೊಂಡೆ.

"ಆ ಮನೆಯೋಳ ಜೊತೆ ನಾನು ಮಾತು ಬುಟ್ಟಿವ್ನಿ," ಎಂದು ಅತ್ತೆ ಶುರು ಮಾಡಿದರು. ಬಂದವರು ಮುಖ ಮುಖ ನೋಡಿಕೊಂಡರು. "ಅವಳ ಬಾಯಿ ಬೊಂಬಾಯಿ. ನನ್ ನುಗ್ಗೆಮರ ಕಡ್ಸಿದ ಪಾಪಿ. ಆದ್ರೆ ಆ ಎಣ್ಮಗ ಐತಲ್ಲ, ಅವಳವ್ವ ನಂಗೆ ಅಷ್ಟು ಬೈತಿದ್ರೂ ಒಂದಿನ ನನ್ನ ಕಂಡು ಮುಖ ತಿರುಗ್ಸಿಲ್ಲ. ಮಂಡಿ ನೋವಲ್ಲಿ ಬಸ್ಸಿಳಿಯಾಕಾಗ್ದೆ ನಿಂತಿದ್ರೆ, ಕೈ ಇಡ್ಕಂಡು ಮನೆಗಂಟ ಬುಟ್ಟೋದ್ಲು. ಅಂಗೆ ಬೆಳ್ಸವ್ಳೆ ಆ ಪಾಪಿ. ನನ್ ಮಗನಿಗೆ ಮದ್ವೆ ಆಗ್ದೆ ಇದ್ದಿದ್ರೆ ನಾನೇ ಸೊಸೆ ಮಾಡ್ಕತಿದ್ದೆ."

ಸೊಸೆ ಇಲ್ಲೇ ನಿಂತಿದ್ದಾಳೆಂಬ ಪರಿವೆಯಾದರೂ ಬೇಡವೇ!

"ಆಗದೋರ ಬಾಯಲ್ಲೇ ಇಂಥ ಮಾತು ಬಂದ ಮೇಲೆ ಇನ್ಯಾರ್ನ ಕೇಳಾನ," ಎಂದು ಸೋದರಮಾವ ನಗುತ್ತಾ ಎದ್ದರು.

ಅವರು ಹೋದ ಮೇಲೆ ಯಜಮಾನರು, "ಏನವ್ವ, ಕೈಗೆ ಸಿಕ್ಕಿದ್ ಶತ್ರುನ ಮೇಲಕ್ಕೆಳ್ಕೊಂಡ್ಬುಟ್ಟೆ?" ಎಂದು ಕೆಣಕಿದರು.

"ಮುಚ್ಲಾ ಬಾಯಿ. ಟೀವಿ ಹಾಕು."

ಮದುವೆ ಗೊತ್ತಾಯಿತು. ಹಣೆಗೆ ಕುಂಕುಮ ಇಟ್ಟು ಬಾಯಿ ತುಂಬ ಕರೆಯದೆ ಬರೀ ಲಗ್ನಪತ್ರಿಕೆ ಕೊಟ್ಟರೆ ನಮ್ಮಲ್ಲಿ ಅದು ಕರೆದ ಲೆಕ್ಕವಲ್ಲ. ಎದುರು ಮನೆಯಮ್ಮ ಕುಂಕುಮದ ಬಟ್ಟಲು ಹಿಡಿದು ನಮ್ಮ ಜಗುಲಿ ಹತ್ತಿದರು. ಅಷ್ಟು ವರ್ಷದ ಅಭ್ಯಾಸ ನೋಡಿ, ಕಣ್ಣು ಮೂಲೆಯಲ್ಲಿ ಮಲಗಿದ್ದ ಬೆಕ್ಕಿನ ಕಡೆಗೇ ಹೋಯಿತು. "ಲೇ ಬೆಕ್ಕೆ, ನನ್ ಮಗಳ ಮದ್ವೆ ಕಣೆ. ಎಲ್ರೂ ಬರ್ಬೇಕು," ಎಂದರು.

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. ಆಮೇಲೆ, "ಕುಂಕುಮನೂ ಬೆಕ್ಕಿಗೇ ಇಟ್ಟೀಯೇನಮ್ಮಿ?" ಎಂದು ಹಣೆ ಮುಂದೆ ಒಡ್ಡಿದರು.

ಎದುರು ಮನೆಯಮ್ಮ ಅವಸರಕ್ಕೆ ಚಿಟಿಕೆ ತುಂಬ ತೆಗೆದಿಟ್ಟ ಕುಂಕುಮ ಅತ್ತೆಯ ಮೂಗಿನ ಮೇಲೆಲ್ಲ ಸುರಿಯಿತು. ಇಬ್ಬರ ಕಣ್ಣಲ್ಲೂ ನೀರು. ನನಗೂ ತಡೆಯಲಾಗಲಿಲ್ಲ.

"ಕಣ್ಣು ಕಾಣಾಕಿಲ್ವ ನಿಂಗೆ? ಮರಾನೂ ಇಂಗೇ ಕಡ್ಸಿದ್ದೆ!" ಎಂದು ಅತ್ತೆ ಅವರ ಮುಖ ನೋಡಿಕೊಂಡೇ ಬೈದರು.